ಬಿಸಿ ಗ್ರಿಪ್ ತಣ್ಣಗಾದಾಗ: ಬೈಕಿನ ಹೀಟರ್ ದೋಷ ಹುಡುಕುವ ಕೈಪಿಡಿ

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜಿಸ್ಪಾ ದಾಟಿ ಬಾರಾಲಾಚಾ ಲಾ ಏರುವಾಗ ಬೆರಳು ಮರಗಟ್ಟಿದರೆ ಅದನ್ನು ಸಹಿಸಿಕೊಂಡು ಹೋಗುವ ವಿಷಯವೆಂದು ನಾನು ಭಾವಿಸುವುದಿಲ್ಲ. ಮುಂದಿನ ಬ್ರೇಕ್ ಹಿಡಿಯಬೇಕಾದ ಬೆರಳುಗಳು ಅವು. 4,800 ಮೀಟರಿಗಿಂತ ಎತ್ತರದ ಆ ಕಣಿವೆದಾರಿಯಲ್ಲಿ, ರಸ್ತೆಗೆ ಅಡ್ಡಲಾಗಿ ಹರಿಯುವ ಹಿಮದ ನೀರನ್ನು ದಾಟಿ ಬಂದ ಮೇಲೆ, ಲಿವರ್ ಎಷ್ಟು ಒತ್ತಿದ್ದೇವೆ ಎಂಬುದೇ ಕೈಗೆ ತಿಳಿಯದೇ ಹೋಗುತ್ತದೆ. ಅದಕ್ಕಾಗಿಯೇ ನಮ್ಮ ಕಡೆಯಿಂದ ಉತ್ತರಕ್ಕೆ ಹೋಗುವ ಹಲವರು ಗ್ರಿಪ್ ಹೀಟರ್, ಅಂದರೆ ಹ್ಯಾಂಡಲಿನ ಹಿಡಿಯನ್ನು ವಿದ್ಯುತ್ತಿನಿಂದ ಬಿಸಿ ಮಾಡುವ ಸಾಧನ, ಹಾಕಿಸುತ್ತಾರೆ. ದಾರಿಯ ಮಧ್ಯೆ ಅದು ಕೈಕೊಟ್ಟರೆ "ಗ್ರಿಪ್ ಹೋಯಿತು, ಹೊಸದು ಹಾಕಿಸಬೇಕು" ಎಂದು ತೀರ್ಮಾನಿಸಿಬಿಡುತ್ತಾರೆ.

ನನ್ನ ಅನುಭವ ಬೇರೆ. ನಾನು ಬಿಚ್ಚಿ ನೋಡಿದ ಗ್ರಿಪ್‌ಗಳಲ್ಲಿ ಒಳಗಿನ ಹೀಟರ್ ಸುರುಳಿಯೇ ಸುಟ್ಟುಹೋಗಿದ್ದು ಬಹಳ ಅಪರೂಪ. ದೋಷವಿರುವುದು ಬ್ಯಾಟರಿಯಿಂದ ಗ್ರಿಪ್‌ವರೆಗಿನ ಒಂದೆರಡು ಮೀಟರ್ ವೈರಿನಲ್ಲಿ, ವೈರುಗಳನ್ನು ಜೋಡಿಸುವ ಕಪ್ಲರ್‌ನಲ್ಲಿ, ವಿದ್ಯುತ್ ಬ್ಯಾಟರಿಯ ಮೈನಸ್‌ಗೆ ಮರಳುವ ಅರ್ಥಿಂಗ್‌ನಲ್ಲಿ. ಇಲ್ಲವಾದರೆ ಬೈಕಿನ ಚಾರ್ಜಿಂಗ್‌ನಲ್ಲಿ. ಗ್ರಿಪ್ ಕಿತ್ತರೆ ಮತ್ತೆ ಅಂಟಿಸಿ ಒಣಗಿಸುವ ಕೆಲಸವೂ ಬರುತ್ತದೆ. ಆದ್ದರಿಂದ ಅಳೆದು ನೋಡದೆ ಯಾವುದನ್ನೂ ಕೀಳಬೇಡಿ.

ಕೈಯಲ್ಲಿ ಇರಬೇಕಾದದ್ದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಕಟಿಂಗ್ ಪ್ಲೇಯರ್, ಒಂದಷ್ಟು ಬಿಡಿ ಫ್ಯೂಸ್, ಎರಡು ಮೀಟರ್ ವೈರ್, ಒತ್ತಿ ವೈರ್ ಸೇರಿಸುವ ಕೆಲವು ಕ್ರಿಂಪ್ ಜಾಯಿಂಟ್, ಇನ್ಸುಲೇಷನ್ ಟೇಪ್. ಇವಿಷ್ಟು ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಸುತ್ತವೆ.

ಇದು ನಿಜವಾಗಿ ದೋಷವೇ?

ಬೆಂಗಳೂರಿನಲ್ಲಿ ಮನೆ ಮುಂದೆ ನಿಲ್ಲಿಸಿ ಪರೀಕ್ಷಿಸಿದಾಗ ಕೈ ಇಡಲಾಗದಷ್ಟು ಬಿಸಿಯಾಗಿದ್ದ ಗ್ರಿಪ್, ಬಾರಾಲಾಚಾ ಲಾ ದಾಟಿದ ಮೇಲೆ ಸಿಗುವ ಸರ್ಚುವಿನಲ್ಲಿ ಬೆಳಗಿನ ಜಾವ ಉಗುರುಬೆಚ್ಚಗೂ ಇಲ್ಲ ಎನಿಸಬಹುದು. ಎರಡೂ ಕಡೆ ಗ್ರಿಪ್‌ಗೆ ಹೋಗುವ ವಿದ್ಯುತ್ ಒಂದೇ ಇರಬಹುದು. ಬದಲಾಗಿರುವುದು ಗಾಳಿ. ಹೊರಗೆ 5 ಡಿಗ್ರಿ ಇದ್ದು ಗಾಳಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಡಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 2 ಡಿಗ್ರಿಯ ಚಳಿಯಂತೆ ತಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ 80ರ ವೇಗಕ್ಕೆ ಅದು ಮೈನಸ್ 10ರಷ್ಟಾಗುತ್ತದೆ. ಗ್ರಿಪ್ ಬಿಸಿ ಮಾಡುವುದು ಅಂಗೈಯನ್ನು, ಗಾಳಿ ಹೊಡೆಯುವುದು ಬೆರಳ ಗೆಣ್ಣುಗಳಿಗೆ. ಹೀಗಾಗಿ ಅಂಗೈ ಬೆಚ್ಚಗಿದ್ದು ಬೆರಳ ಹಿಂಬದಿ ಮಾತ್ರ ಸೆಟೆದುಕೊಳ್ಳುತ್ತಿದ್ದರೆ ಹೀಟರ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹ್ಯಾಂಡ್‌ಗಾರ್ಡ್ ಹಾಕಿಸಿ, ಅಥವಾ ಹ್ಯಾಂಡಲ್ ಮೇಲೆ ತೊಡಿಸುವ ಚೀಲದಂಥ ಕವರ್ ಹಾಕಿ. ಈ ಕವರ್ ನೋಡಲು ಚೆಂದವಿಲ್ಲ ಎನ್ನುವವರಿದ್ದಾರೆ. ಆದರೆ ಗಾಳಿ ತಡೆಯುವುದರಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಕೈಗವಸನ್ನೂ ನೋಡಿ. ಅಂಗೈ ಭಾಗದಲ್ಲೂ ದಪ್ಪ ಹತ್ತಿ ತುಂಬಿದ ಕೈಗವಸು ಚಳಿಯನ್ನು ತಡೆದಂತೆ ಗ್ರಿಪ್ಪಿನ ಬಿಸಿಯನ್ನೂ ತಡೆಯುತ್ತದೆ. ಹೀಟರ್ ಇದ್ದವರಿಗೆ ಅಂಗೈ ತೆಳುವಾಗಿ, ಹಿಂಬದಿ ದಪ್ಪವಾಗಿ ಇರುವ ಕೈಗವಸೇ ಸರಿ.

ಇನ್ನೊಂದು ಸಂಗತಿಯೂ ಅನೇಕರನ್ನು ಗೊಂದಲಕ್ಕೆ ದೂಡುತ್ತದೆ: ಎಡ ಗ್ರಿಪ್ ಬಲಗಡೆಯದಕ್ಕಿಂತ ಕೊಂಚ ತಣ್ಣಗೆ ಇರುವುದು. ಬಲಗಡೆ ಗ್ರಿಪ್ ಕೂರುವುದು ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ. ಎಡಗಡೆಯದು ನೇರವಾಗಿ ಲೋಹದ ಹ್ಯಾಂಡಲ್ ಮೇಲೆ. ಆ ಲೋಹ ಬಿಸಿಯನ್ನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಕೆಲವು ತಯಾರಕರು ಇದನ್ನು ಸರಿದೂಗಿಸಲು ಎಡ ಗ್ರಿಪ್ಪಿಗೆ ಸ್ವಲ್ಪ ಹೆಚ್ಚು ವ್ಯಾಟ್ ಕೊಡುತ್ತಾರೆ, ಎಲ್ಲರೂ ಅಲ್ಲ. ವ್ಯತ್ಯಾಸ ಸ್ವಲ್ಪವೇ ಇದ್ದರೆ ಚಿಂತೆ ಬೇಡ. ಒಂದು ಬಿಸಿಯಾಗಿ ಇನ್ನೊಂದು ಪೂರ್ತಿ ತಣ್ಣಗಿದ್ದರೆ ಮುಂದೆ ಓದಿ.

ಎರಡೂ ಗ್ರಿಪ್ ಪೂರ್ತಿ ತಣ್ಣಗಿವೆ

ಸ್ವಿಚ್ಚಿನ ದೀಪ ಉರಿಯುತ್ತಿದೆಯೇ ನೋಡಿ. ಉರಿಯದಿದ್ದರೆ ಫ್ಯೂಸ್ ತೆಗೆದು ಬೆಳಕಿಗೆ ಹಿಡಿಯಿರಿ. ಕಣ್ಣಿಗೆ ಸರಿಯಾಗಿ ಕಂಡರೂ ಮೀಟರ್‌ನಲ್ಲಿ ಒಮ್ಮೆ ಪರೀಕ್ಷಿಸಿ, ಏಕೆಂದರೆ ಫ್ಯೂಸಿನ ಕಾಲು ಹಸಿರುಗಟ್ಟಿದ್ದರೆ ಒಳಗಿನ ತಂತಿ ಸರಿಯಿದ್ದೂ ವಿದ್ಯುತ್ ಹರಿಯುವುದಿಲ್ಲ. ಒಂದು ಜೊತೆ ಗ್ರಿಪ್ ಸಾಮಾನ್ಯವಾಗಿ 3ರಿಂದ 4 ಆಂಪಿಯರ್ ಎಳೆಯುತ್ತದೆ, ಅದಕ್ಕೆ 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಮತ್ತೆ ಮತ್ತೆ ಹಾರುತ್ತಿದ್ದರೆ 15 ಆಂಪಿಯರಿನದನ್ನು ತುರುಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲೋ ವೈರಿನ ಹೊದಿಕೆ ಸವೆದು ಚಾಸಿಗೆ ತಾಗುತ್ತಿದೆ ಎಂದು ಫ್ಯೂಸ್ ಹೇಳುತ್ತಿದೆ. ಆ ಜಾಗ ಹೆಚ್ಚಾಗಿ ಹ್ಯಾಂಡಲ್ ತಿರುಗುವ ಕಡೆ, ಪೆಟ್ರೋಲ್ ಟ್ಯಾಂಕಿನ ಮುಂಭಾಗದ ಕೆಳಗೇ ಸಿಗುತ್ತದೆ. ಅಲ್ಲಿ ದೊಡ್ಡ ಫ್ಯೂಸ್ ಹಾಕಿ ವೈರ್ ಕಾಯಲು ಬಿಟ್ಟರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಫ್ಯೂಸ್ ಸರಿಯಿದ್ದರೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು, ನೋಡಿ. ಇಗ್ನಿಷನ್ ಆನ್ ಮಾಡಿದಾಗ ಟಿಕ್ ಎಂಬ ಸಣ್ಣ ಸದ್ದು ಬರಬೇಕು. ರಿಲೇ ಮೇಲೆ ಬೆರಳಿಟ್ಟರೆ ಅದು ಕೈಗೇ ತಿಳಿಯುತ್ತದೆ. ಸದ್ದಿಲ್ಲದಿದ್ದರೆ 85 ಮತ್ತು 86 ಸಂಖ್ಯೆಯ ಕಾಲುಗಳ ನಡುವೆ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಸದ್ದು ಬಂದೂ ಕೆಲಸ ಆಗದಿದ್ದರೆ 30ರಲ್ಲಿ ಬ್ಯಾಟರಿ ವೋಲ್ಟೇಜ್ ಇದ್ದು 87ರಲ್ಲಿ ಇಲ್ಲದಿರಬಹುದು, ಹಾಗಿದ್ದರೆ ರಿಲೇ ಬದಲಿಸಿ. ಎಲ್ಲ ಸರಿಯಿದ್ದರೆ ಉಳಿದದ್ದು ಅರ್ಥಿಂಗ್. ಬಣ್ಣ ಬಳಿದ ಚಾಸಿಯ ಬೋಲ್ಟಿಗೆ ಕಪ್ಪು ವೈರ್ ಕಟ್ಟಿದ್ದರೆ ಅದನ್ನು ಬಿಚ್ಚಿ ನೇರವಾಗಿ ಬ್ಯಾಟರಿಯ ಮೈನಸ್‌ಗೆ ತಂದುಬಿಡಿ.

ಕೆಲವು ಕಿಟ್‌ಗಳಲ್ಲಿ ಎರಡು ಗ್ರಿಪ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಅಲ್ಲಿ ಒಂದರ ವೈರ್ ತುಂಡಾದರೆ ಎರಡೂ ಆರುತ್ತವೆ. ಆದ್ದರಿಂದ ಎರಡೂ ಒಮ್ಮೆಗೇ ಸತ್ತವು ಎಂದ ಮಾತ್ರಕ್ಕೆ ದೋಷ ಮೂಲದಲ್ಲೇ ಇದೆ ಎನ್ನಲಾಗದು.

ಒಂದೇ ಗ್ರಿಪ್ ತಣ್ಣಗಿದೆ, ಅದೂ ಆಗಾಗ

ನನಗೆ ಅತಿ ಹೆಚ್ಚು ಕಲಿಸಿದ ದೋಷ ಇದು. ಸೆಪ್ಟೆಂಬರ್ ತಿಂಗಳ ಒಂದು ಪ್ರವಾಸದಲ್ಲಿ ನನ್ನ ಬಲ ಗ್ರಿಪ್ ವಿಚಿತ್ರವಾಗಿ ವರ್ತಿಸುತ್ತಿತ್ತು. ಚಹಾ ಅಂಗಡಿಯ ಮುಂದೆ ಎಂಜಿನ್ ಓಡುತ್ತಿರುವಂತೆಯೇ ನಿಲ್ಲಿಸಿದರೆ ಚೆನ್ನಾಗಿ ಬಿಸಿಯಾಗುತ್ತಿತ್ತು. ಹೊರಟು ಹತ್ತು ನಿಮಿಷಕ್ಕೆ ತಣ್ಣಗಾಗುತ್ತಿತ್ತು. ಗಾಳಿಯ ಕಾರಣ ಎಂದೇ ಎರಡು ದಿನ ನಂಬಿದ್ದೆ. ಜೊತೆಗಿದ್ದ ತಿಪಟೂರಿನ ಗೆಳೆಯ, "ಗ್ರಿಪ್ ಹೋಗಿದೆ, ಲೇಹ್ ತಲುಪಿದ ಮೇಲೆ ಹೊಸದು ಸಿಗುತ್ತದೆಯೇ ನೋಡು" ಎಂದ. ಎಡಗೈ ಬೆಚ್ಚಗಿದ್ದು ಬಲಗೈ ಮಾತ್ರ ಮರಗಟ್ಟುತ್ತಿರುವಾಗ ಗಾಳಿಯನ್ನು ದೂರುವುದರಲ್ಲಿ ಅರ್ಥವಿಲ್ಲ ಎಂಬುದು ಸರ್ಚುವಿನ ಡೇರೆಯಲ್ಲಿ ಕೂತಾಗ ಹೊಳೆಯಿತು.

ಬಲ ಗ್ರಿಪ್ಪಿನ ಕಪ್ಲರ್ ಬಿಚ್ಚಿ, ಮೀಟರನ್ನು ಓಮ್‌ಗೆ, ಅಂದರೆ ರೋಧ ಅಳೆಯುವ ಕಡೆಗೆ, ತಿರುಗಿಸಿ, ಎರಡು ಕಡ್ಡಿಗಳನ್ನು ಗ್ರಿಪ್ ಕಡೆಯ ಎರಡು ಪಿನ್‌ಗಳಿಗೆ ಹಿಡಿದೆ. 8.6 ಓಮ್ ಬಂತು. 20 ವ್ಯಾಟಿನ ಗ್ರಿಪ್ಪಿಗೆ 13 ವೋಲ್ಟ್‌ನಲ್ಲಿ ಇರಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಅಂದರೆ ಗ್ರಿಪ್ ಜೀವಂತ. ಗೆಳೆಯನಿಗೆ "ಮೆಲ್ಲಗೆ ಆಕ್ಸಿಲರೇಟರ್ ತಿರುಗಿಸು" ಎಂದೆ. ಕಾಲು ಭಾಗ ತಿರುಗುವಷ್ಟರಲ್ಲಿ ಅಂಕಿ ನಡುಗಿತು, 9, 14, ಮತ್ತೆ 9, ಆಮೇಲೆ ಪರದೆಯ ಎಡ ಅಂಚಿನಲ್ಲಿ ಬರಿಯ 1 ಉಳಿಯಿತು. ಸಂಪರ್ಕ ಪೂರ್ತಿ ಕಡಿದಿದೆ ಎಂದು ಆ ಮೀಟರ್ ಹೇಳುವ ರೀತಿ ಅದು. ಬಿಟ್ಟ ಕೂಡಲೇ ಮತ್ತೆ 8.6.

ನಿಂತಾಗ ಬಿಸಿ, ಓಡುವಾಗ ತಣ್ಣಗೆ ಎಂಬುದರ ಗುಟ್ಟು ಅಷ್ಟೇ. ಬೈಕ್ ಓಡುವಾಗ ಆಕ್ಸಿಲರೇಟರ್ ಕಾಲು ಭಾಗ ತೆರೆದೇ ಇರುತ್ತದೆ, ಆ ಕೋನದಲ್ಲಿ ವೈರ್ ಒಳಗೇ ಬೇರ್ಪಡುತ್ತಿತ್ತು. ಹೊರಗಿನ ರಬ್ಬರ್ ಹೊದಿಕೆಯಲ್ಲಿ ಒಂದು ಗೀರೂ ಇರಲಿಲ್ಲ. ಗ್ರಿಪ್ಪಿನಿಂದ ಒಂದು ಸೆಂಟಿಮೀಟರ್ ಆಚೆಗೆ ಬೆರಳಿನಿಂದ ಬಗ್ಗಿಸಿದರೆ ಬೇರೆಲ್ಲ ಕಡೆ ಬಿಗಿಯಾಗಿ ಬಾಗುವ ವೈರ್ ಅಲ್ಲಿ ಮಾತ್ರ ಬಾಡಿದ ದಂಟಿನಂತೆ ಮಡಚಿಕೊಂಡಿತು. ಒಳಗಿನ ತಾಮ್ರದ ಎಳೆಗಳು ತುಂಡಾದ ವೈರನ್ನು ಕಂಡುಹಿಡಿಯಲು ಬೆರಳಿಗಿಂತ ಒಳ್ಳೆಯ ಸಾಧನವಿಲ್ಲ. ಉದ್ದಕ್ಕೂ ಅರ್ಧ ಅರ್ಧ ಇಂಚಿನಂತೆ ಬಗ್ಗಿಸುತ್ತ ಬನ್ನಿ, ಮೆತ್ತಗಾದ ಜಾಗವೇ ರೋಗದ ಜಾಗ.

ಕಾರಣವೂ ಅಲ್ಲೇ ಇತ್ತು. ಕಿಟ್ ಹಾಕುವಾಗ ವೈರ್ ಜೋತು ಬೀಳಬಾರದೆಂದು ನಾನು ಅದನ್ನು ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿಯಾಗಿ ಕಟ್ಟಿದ್ದೆ. ಆಕ್ಸಿಲರೇಟರ್ ತಿರುಗಿದಾಗಲೆಲ್ಲ ಅದೇ ಒಂದು ಬಿಂದುವಿನಲ್ಲಿ ವೈರ್ ಮಡಚುತ್ತಿತ್ತು. ದಿನಕ್ಕೆ ಸಾವಿರಾರು ಬಾರಿ ಹಾಗೆ ಮಡಚಿದರೆ ಯಾವ ತಾಮ್ರವೂ ಉಳಿಯದು.

ದುರಸ್ತಿ ಹೀಗೆ ಮಾಡಿ. ಮೆತ್ತಗಾದ ಭಾಗವನ್ನು ಕತ್ತರಿಸಿ ತೆಗೆಯಿರಿ. ಗ್ರಿಪ್ ಕಡೆ ಉಳಿದ ತುಂಡಿಗೆ ಹೊಸ ವೈರನ್ನು ಕ್ರಿಂಪ್ ಜಾಯಿಂಟಿನಿಂದ ಸೇರಿಸಿ, ಪ್ಲೇಯರಿನಿಂದ ಒತ್ತಿ, ಜಾಯಿಂಟ್ ಅಲುಗದಂತೆ ಗ್ರಿಪ್ಪಿನ ಅಂಚಿಗೇ ಟೇಪಿನಿಂದ ಸುತ್ತಿ. ಆಮೇಲೆ ವೈರ್ ಒಂದು ಸಡಿಲ ಬಳಸು ಹಾಕಿಕೊಂಡು ಹೋಗಲಿ. ಬೆಸುಗೆ ಹಾಕುವ ಅನುಕೂಲ ಇದ್ದರೂ ಅಲುಗಾಡುವ ಜಾಗದಲ್ಲಿ ನಾನು ಹಾಕುವುದಿಲ್ಲ. ಕರಗಿದ ಸೀಸ ಎಳೆಗಳ ನಡುವೆ ಒಳಕ್ಕೆ ಹರಿದು ವೈರನ್ನು ಕಡ್ಡಿಯಂತೆ ಸೆಡೆಸುತ್ತದೆ, ಆ ಕಡ್ಡಿ ಮುಗಿಯುವ ಅಂಚಿನಲ್ಲೇ ಅದು ಮತ್ತೆ ಮುರಿಯುತ್ತದೆ. ಮೇಣದಬತ್ತಿಯ ಬೆಳಕಿನಲ್ಲಿ ನನಗೆ ಆ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅದರಲ್ಲಿ ಅರ್ಧ ಹೊತ್ತು ಬೆರಳು ಕಾಯಿಸಿಕೊಳ್ಳುವುದಕ್ಕೇ ಹೋಯಿತು. ಮರುದಿನ ಪಾಂಗ್ ತಲುಪುವವರೆಗೆ ಎರಡೂ ಕೈ ಬೆಚ್ಚಗಿದ್ದವು.

ಎಡ ಗ್ರಿಪ್ಪಿನ ವೈರ್ ಮುರಿದಿದ್ದರೆ ಕಾರಣ ಬೇರೆ. ಎಡಗಡೆ ತಿರುಗುವ ಭಾಗವೇ ಇಲ್ಲ. ಅಂಟು ಬಿಟ್ಟು ಗ್ರಿಪ್ ಹ್ಯಾಂಡಲ್ ಮೇಲೆ ಸುತ್ತುತ್ತಿದೆಯೇ ಎಂದು ತಿರುಚಿ ನೋಡಿ. ಸುತ್ತುತ್ತಿದ್ದರೆ ಮೊದಲು ಅಂಟು, ಆಮೇಲೆ ವೈರ್.

ಬೆಚ್ಚಗಿದೆ, ಆದರೆ ಸಾಲದು

ಗಾಳಿ, ಕೈಗವಸು ಎಲ್ಲ ಸರಿಮಾಡಿಯೂ ಬಿಸಿ ಮೊದಲಿನಷ್ಟಿಲ್ಲ ಎನಿಸಿದರೆ ವೋಲ್ಟೇಜ್ ದಾರಿಯಲ್ಲಿ ಸೋರುತ್ತಿದೆ. 40 ವ್ಯಾಟಿನ ಜೊತೆಯೊಂದರ ಒಟ್ಟು ರೋಧ 13.5 ವೋಲ್ಟ್‌ಗೆ ಸುಮಾರು ನಾಲ್ಕೂವರೆ ಓಮ್. ಕಪ್ಲರಿನ ಪಿನ್‌ನಲ್ಲಿ ಹಸಿರುಗಟ್ಟಿದ ಕಿಲುಬಿನಿಂದ ಬರಿಯ ಅರ್ಧ ಓಮ್ ಸೇರಿಕೊಂಡರೂ ಗ್ರಿಪ್‌ಗೆ ಸಿಗುವುದು 32 ವ್ಯಾಟ್ ಮಾತ್ರ. ಐದರಲ್ಲಿ ಒಂದು ಪಾಲು ಬಿಸಿ ಹೋಯಿತು. ಜೊತೆಗೆ ಆ ಪಿನ್ ತಾನೇ ಕಾಯುತ್ತದೆ, ಕಾದಷ್ಟೂ ಹಾಳಾಗುತ್ತದೆ.

ಇದನ್ನು ಓಮ್ ಅಳತೆಯಲ್ಲಿ ಹಿಡಿಯಲು ಹೋಗಬೇಡಿ. ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಮೀಟರ್ "ಸರಿಯಿದೆ" ಎನ್ನುತ್ತದೆ, ಏಕೆಂದರೆ ಅದು ಕಳುಹಿಸುವ ವಿದ್ಯುತ್ ಅಷ್ಟು ಕಡಿಮೆ. ಮೂರು ಆಂಪಿಯರ್ ಹರಿಯುವಾಗಲೇ ಅಳೆಯಬೇಕು. ಎಂಜಿನ್ ಓಡಲಿ, ಹೀಟರ್ ಪೂರ್ತಿ ಹೆಚ್ಚಿನ ಮಟ್ಟದಲ್ಲಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಗ್ರಿಪ್ಪಿಗೆ ಪ್ಲಸ್ ತರುವ ಪಿನ್‌ಗೆ, ಕಪ್ಲರಿನ ಹಿಂಬದಿಯಿಂದ ತೂರಿಸಿ ಹಿಡಿಯಿರಿ. ಮೀಟರ್ ತೋರಿಸುವ ಅಂಕಿಯೇ ಪ್ಲಸ್ ದಾರಿಯಲ್ಲಿ ಸೋರಿದ ವೋಲ್ಟ್. ಮೈನಸ್ ಕಡೆಗೂ ಹಾಗೆಯೇ ಮಾಡಿ. ಒಂದೊಂದು ಕಡೆ 0.3 ವೋಲ್ಟ್ ಒಳಗಿದ್ದರೆ ನಾನು ಒಪ್ಪಿಕೊಳ್ಳುತ್ತೇನೆ. ಒಂದು ವೋಲ್ಟ್ ಬಂದರೆ ಕಡ್ಡಿಯನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ತನ್ನಿ, ಅಂಕಿ ದಿಢೀರನೆ ಇಳಿಯುವ ಜಾಗದಲ್ಲಿ ದೋಷವಿದೆ. ಹೀಟರ್ ಕಡಿಮೆ ಮಟ್ಟದಲ್ಲಿದ್ದಾಗ ಈ ಅಳತೆ ಮಾಡಬಾರದು. ಹಲವು ಕಂಟ್ರೋಲರ್‌ಗಳು ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಬಿಡುತ್ತ ಬಿಸಿ ಹೊಂದಿಸುತ್ತವೆ, ಆಗ ಮೀಟರ್ ಸರಾಸರಿಯನ್ನಷ್ಟೇ ತೋರಿಸಿ ದಾರಿ ತಪ್ಪಿಸುತ್ತದೆ.

ಹೀಟರಿಗೆ ಪಾರ್ಕಿಂಗ್ ಲೈಟಿನ ತೆಳು ವೈರಿನಿಂದ ನೇರವಾಗಿ ಕರೆಂಟ್ ಎಳೆದಿದ್ದರೆ ಹುಡುಕುವುದೇ ಬೇಡ, ದೋಷ ಅದೇ. ಆ ವೈರ್ ರಿಲೇ ಎಬ್ಬಿಸಲು ಸಾಕು. ಬಿಸಿಗೆ ಬೇಕಾದ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ಕನಿಷ್ಠ ಒಂದು ಚದರ ಮಿಲಿಮೀಟರ್ ವೈರಿನಲ್ಲಿ ಬರಲಿ.

ತಾನಾಗಿಯೇ ಆರುತ್ತದೆ

ಹಲವು ಕಂಟ್ರೋಲರ್‌ಗಳು ಬ್ಯಾಟರಿ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಹೀಟರನ್ನು ಆರಿಸಿಬಿಡುತ್ತವೆ. ಆರಿಸದಿದ್ದರೆ ಮರುದಿನ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಇದು ದೋಷವಲ್ಲ, ಎಚ್ಚರಿಕೆ. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು. 3,000 ಆರ್‌ಪಿಎಂಗೆ ಏರಿಸಿ ಹೀಟರ್ ಆನ್ ಮಾಡಿದಾಗ 13.5ರಿಂದ 14.5ರ ನಡುವೆ ನಿಲ್ಲಬೇಕು. 13ಕ್ಕಿಂತ ಕೆಳಗಿದ್ದರೆ ಬೈಕ್ ದುಡಿಯುವುದಕ್ಕಿಂತ ನೀವು ಖರ್ಚು ಮಾಡುತ್ತಿರುವುದು ಹೆಚ್ಚು.

ಲೆಕ್ಕ ಹಾಕಿ ನೋಡಿ. ವಿದ್ಯುತ್ ಉತ್ಪಾದಿಸುವ ನಿಮ್ಮ ಬೈಕಿನ ಆಲ್ಟರ್ನೇಟರ್ 220 ವ್ಯಾಟ್ ಎಂದಿಟ್ಟುಕೊಳ್ಳಿ. ಹ್ಯಾಲೋಜೆನ್ ಹೆಡ್‌ಲೈಟಿಗೆ 55ರಿಂದ 60 ಹೋಯಿತು, 2017ರ ಏಪ್ರಿಲ್ ನಂತರ ನಮ್ಮಲ್ಲಿ ಮಾರಾಟವಾದ ಬೈಕುಗಳಲ್ಲಿ ಅದನ್ನು ಆರಿಸಲೂ ಬರುವುದಿಲ್ಲ. ಪೆಟ್ರೋಲ್ ಪಂಪ್, ಇಂಜೆಕ್ಷನ್, ಇಗ್ನಿಷನ್ ಸೇರಿ ಅಂದಾಜು 70, ಮೀಟರ್ ಮತ್ತು ಹಿಂದಿನ ದೀಪಕ್ಕೆ 10. ಉಳಿದ 80ರಲ್ಲಿ ಗ್ರಿಪ್ಪಿಗೆ 40, ಮೊಬೈಲ್ ಚಾರ್ಜಿಂಗಿಗೆ 15. ಇದರ ಮೇಲೆ ಬಿಸಿ ಸೀಟನ್ನೂ ಹಾಕಿಸಿದ್ದರೆ ಅದರ 40 ವ್ಯಾಟಿಗೆ ಜಾಗ ಎಲ್ಲಿದೆ? ಅದೂ 220 ಎಂಬುದು ಎಂಜಿನ್ ವೇಗವಾಗಿ ತಿರುಗುವಾಗಿನ ಮಾತು. ಐಡ್ಲಿಂಗ್‌ನಲ್ಲಿ ಅದರ ಅರ್ಧ ಸಿಕ್ಕರೂ ಹೆಚ್ಚು. ಲಾರಿಗಳ ಸಾಲಿನ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗ ಗ್ರಿಪ್ ಆರುವುದು ಇದಕ್ಕೇ. ಮೇಲಾಗಿ ಚಳಿಯಲ್ಲಿ ಬ್ಯಾಟರಿಯೂ ಕುಗ್ಗುತ್ತದೆ. ಸೊನ್ನೆ ಡಿಗ್ರಿಗೆ ಸೀಸದ ಬ್ಯಾಟರಿಯ ಸಾಮರ್ಥ್ಯ ಐದನೇ ಒಂದು ಭಾಗದಷ್ಟು ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಐದು ನಿಮಿಷ ಓಡಿಸಿ, ಆಮೇಲೆ ಹೀಟರ್ ಆನ್ ಮಾಡಿ. ಹೆಚ್ಚುವರಿ ಫಾಗ್ ಲೈಟ್ ಇದ್ದರೆ ಅವನ್ನು ಎಲ್‌ಇಡಿಗೆ ಬದಲಿಸುವುದು ದೊಡ್ಡ ಉಳಿತಾಯ.

ಮುಳ್ಳಯ್ಯನಗಿರಿ, ಕೊಡಗಿನ ಡಿಸೆಂಬರ್ ಬೆಳಗುಗಳಿಗಾಗಿ ಇಷ್ಟೆಲ್ಲ ಹೊರೆಯನ್ನು ಸಣ್ಣ ಬೈಕಿನ ಮೇಲೆ ಹೇರುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿಗೆ ಒಳ್ಳೆಯ ಕೈಗವಸು ಸಾಕು.

ಸೀಟು

ಬಿಸಿ ಸೀಟಿನ ಹೀಟರ್ ಎಂದರೆ ಸ್ಪಂಜ್ ಮತ್ತು ಹೊದಿಕೆಯ ನಡುವೆ ಇಟ್ಟ ತೆಳ್ಳನೆಯ ಪ್ಯಾಡ್. ಅಳೆಯುವ ಕ್ರಮ ಗ್ರಿಪ್ಪಿನದೇ. ಮೊದಲು ಸೀಟಿನ ಅಡಿಯ ಕಪ್ಲರ್ ನೋಡಿ. ಬ್ಯಾಟರಿಗೆಂದು ಸೀಟ್ ಎತ್ತುವವರು ವೈರ್ ಇರುವುದನ್ನು ಮರೆತು ಎಳೆದಿರುತ್ತಾರೆ. ಅದು ಸರಿಯಿದ್ದರೆ ಪ್ಯಾಡಿನ ರೋಧ ಅಳೆಯುತ್ತ ಸೀಟನ್ನು ಮೊಣಕಾಲಿನಿಂದ ಅಲ್ಲಲ್ಲಿ ಒತ್ತಿ, ಅಂಕಿ ಹಾರಿದರೆ ಪ್ಯಾಡಿನೊಳಗೇ ಮುರಿದಿದೆ. ಗ್ರಿಪ್ಪಿನ ವೈರ್ ಸೇರಿಸಿದಂತೆ ಪ್ಯಾಡಿನ ಒಳತಂತಿಯನ್ನು ತಿರುಚಿ ಸೇರಿಸಬೇಡಿ. ಆ ಗಂಟು ಸುತ್ತಲಿನದಕ್ಕಿಂತ ಹೆಚ್ಚು ಕಾಯುತ್ತದೆ, ಅದರ ಕೆಳಗಿರುವುದು ಸುಡುವ ಸ್ಪಂಜ್. ಪ್ಯಾಡ್ ಬದಲಿಸುವುದೊಂದೇ ದಾರಿ. ಹೊದಿಕೆಯ ಮೇಲೆ ಕಂದು ಕಲೆ ಕಂಡರೆ ಅಥವಾ ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ ಕಪ್ಲರ್ ಕಿತ್ತುಬಿಡಿ. ಮಳೆ ಬಂದ ದಿನ ಮಾತ್ರ ಫ್ಯೂಸ್ ಹಾರುತ್ತಿದ್ದರೆ ಹೊಲಿಗೆಯಿಂದ ನೀರು ಇಳಿದು ಸ್ಪಂಜ್ ತೊಯ್ದಿದೆ.

ಹಿಂದಿನ ಸವಾರರ ಪ್ಯಾಡ್ ಆನ್ ಇರುವಾಗ ಅದರ ಮೇಲೆ ಬ್ಯಾಗ್ ಕಟ್ಟಬೇಡಿ. ಬಿಸಿ ಹೋಗಲು ದಾರಿಯಿಲ್ಲದೆ ಅಲ್ಲೇ ಕೂಡಿಕೊಳ್ಳುತ್ತದೆ. ಕೂತವರ ವಿಷಯದಲ್ಲೂ ಎಚ್ಚರವಿರಲಿ. 44 ಡಿಗ್ರಿಯಷ್ಟು ಸಾಧಾರಣವೆನಿಸುವ ಬಿಸಿಯೂ ಗಂಟೆಗಟ್ಟಲೆ ಒಂದೇ ಕಡೆ ತಾಗಿದ್ದರೆ ಚರ್ಮವನ್ನು ಸುಡಬಲ್ಲದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಅದು ತಿಳಿಯುವುದೇ ಇಲ್ಲ. ಅಂಥವರು ಮೊದಲ ಹತ್ತು ನಿಮಿಷದ ನಂತರ ಕಡಿಮೆ ಮಟ್ಟಕ್ಕೆ ಇಳಿಸಲೇಬೇಕು.

ಮತ್ತೆ ಜೋಡಿಸಿದ ಮೇಲೆ

ಎಂಜಿನ್ ಆರಿಸಿ ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ. ಎಲ್ಲೂ ವೈರ್ ಬಿಗಿಯಾಗಬಾರದು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕೈ ಬಿಡಿ, ಅದು ಟಪ್ ಎಂದು ತಾನೇ ಹಿಂದಕ್ಕೆ ಹೋಗಬೇಕು. ತಡೆದರೆ ಗ್ರಿಪ್ಪಿನ ತುದಿ ಹ್ಯಾಂಡಲಿನ ಕೊನೆಯ ತೂಕಕ್ಕೆ ಅಥವಾ ಸ್ವಿಚ್ಚಿನ ಪೆಟ್ಟಿಗೆಗೆ ಉಜ್ಜುತ್ತಿದೆ, ಇಲ್ಲವೇ ನಿಮ್ಮ ಹೊಸ ವೈರ್ ಅಡ್ಡ ಬರುತ್ತಿದೆ. ಒಂದೆರಡು ಮಿಲಿಮೀಟರ್ ಸಂದು ಬಿಟ್ಟು ಕೂರಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡಲ್ ಮತ್ತೆ ಎರಡೂ ಬದಿಗೆ ತಿರುಗಿಸುವಾಗ ಎಂಜಿನ್ನಿನ ಸದ್ದು ಏರುತ್ತದೆಯೇ ಕೇಳಿ. ಏರಿದರೆ ಆಕ್ಸಿಲರೇಟರ್ ಕೇಬಲ್ಲನ್ನು ನಿಮ್ಮ ಟ್ಯಾಗ್ ಎಲ್ಲೋ ಎಳೆದು ಹಿಡಿದಿದೆ, ಅದನ್ನು ಕತ್ತರಿಸಿ ಬೇರೆ ಕಡೆ ಕಟ್ಟಿ. ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಯುವುದು ಬೇಡ.